ಪೀರಬಿಯ ಹೆಬ್ಬೆರಳು

ಬಿಸಿನೀರಿನಿಂದ ಎತ್ತಿದ ಪೀರಬಿಯ ಕೈಯಿಂದ ಹಬೆ ಏಳುತ್ತಿದೆ, ಹಳೆಯ ಮೆಹಂದಿಯ ವಾಸನೆ ಬೆರೆತ ಹಬೆ, ಟವೆಲಿನಲ್ಲಿ ಒತ್ತಿ ಒರೆಸುತ್ತ ಭಾಗ್ಯಜ್ಯೋತಿ ಮುಷ್ಟಿಯ ಮೇಲೆ ಬೆರಳಾಡಿಸಿದಳು, ಕಲ್ಲು, ಹೋದ ತಿಂಗಳು ಅರ್ಧದಷ್ಟು ಬಿಚ್ಚಿಕೊಳ್ಳುತ್ತಿದ್ದದ್ದು ಮತ್ತೆ ಕಲ್ಲಾಗಿದೆ — ಹೆಬ್ಬೆರಳು ಒಳಗೆ, ಉಳಿದ ಬೆರಳುಗಳು ಅದರ ಮೇಲೆ ಕದ ಹಾಕಿಕೊಂಡಂತೆ — ನೀ ಬರಲಿಲ್ಲಲ್ಲ ಬೇ, ಅದಕ್ಕ ಹಿಂಗಾಗೇದ, ಅಂದಳು ಪೀರಬಿ, ದೂರುವ ದನಿಯಲ್ಲಲ್ಲ, ಈ ಸಲ ಮಳೆ ತಡ ಆಯ್ತು ಅನ್ನುವ ಹಾಗೆ, ಲಕ್ವಾ ಹೊಡೆದು ಒಂದು ಪಕ್ಕ ಬಿದ್ದುಹೋದಾಗಿನಿಂದ ಅವಳ ಮಾತೂ ಒಂದು ಮಗ್ಗುಲಿಗೆ ವಾಲಿದೆ, ಜ್ವರ ಬಂದಿತ್ತರಿ ಅಂದುಬಿಟ್ಟಳು ಭಾಗ್ಯಜ್ಯೋತಿ, ಸುಳ್ಳು, ಬಂದದ್ದು ಜ್ವರವಲ್ಲ, ಫಿಜಿಯೋಥೆರಪಿಸ್ಟ್ ಕೆಲಸಕ್ಕೆ ಅರ್ಜಿ ಹಾಕಿದ್ದ ಜರ್ಮನಿಯ ಆಸ್ಪತ್ರೆಯಿಂದ ನಾಲ್ಕು ಸಾಲಿನ ಇ-ಮೇಲ್, ವಿಷಾದಿಸುತ್ತೇವೆ ಎಂಬ ಒಂದು ಪದ, ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು, ಅವ್ವ ಶಿವಕಾಂತಾ ಬಾಗಿಲ ಬಳಿ ಊಟದ ಗಂಗಾಳ ಇಟ್ಟು ಸದ್ದಿಲ್ಲದೆ ಹೋಗುತ್ತಿದ್ದದ್ದು, ಫೋನಿನಲ್ಲಿ ಕೇಳಿದವರಿಗೆಲ್ಲ ವೀಸಾ ತಡ ಆಗೇದರಿ, ಬರ್ತದ, ಬರ್ತದ ಅನ್ನುತ್ತಿದ್ದದ್ದು — ಅವ್ವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಹೇಳಿದ ಮೇಲೆ ಪ್ರತಿ ಸಲ ಒಳಗೆ ಹೋಗಿ ನೀರು ಕುಡಿಯುತ್ತಾಳೆ.

ತೋರುಬೆರಳನ್ನು ಬುಡದಲ್ಲಿ ಹಿಡಿ, ಎಳೆಯಬೇಡ, ಕಾಯು, ಸ್ನಾಯು ತಾನೇ ಸೋಲುತ್ತದೆ, ಅಂತ ತನಗೆ ತಾನೇ ಹೇಳಿಕೊಳ್ಳುತ್ತಾಳೆ, ಹೊರಗೆ ವಿಜಯಪುರದ ಕಡೆಯ ಲಾರಿ ಹಾರ್ನ್ ಹೊಡೆಯುತ್ತ ಹೋಗುತ್ತದೆ, ಕಿಟಕಿ ನಡುಗುತ್ತದೆ, ಕೆಳಗಿನ ಕೀಟನಾಶಕದ ಅಂಗಡಿಯ ಘಾಟು ಮೆಟ್ಟಿಲು ಹತ್ತಿ ಬರುತ್ತದೆ, ಸಂದರ್ಶನದ ದಿನ ಇದೇ ಕಿಟಕಿ ಮುಚ್ಚಿ ಸಂದಿಗೆ ಬಟ್ಟೆ ತುರುಕಿದ್ದಳಲ್ಲ, ಸುಣ್ಣ ಉದುರಿದ ಗೋಡೆ ಕಾಣದಂತೆ ಬಿಳಿ ಚಾದರ ಕಟ್ಟಿದ್ದಳಲ್ಲ, ಲ್ಯಾಪ್‌ಟಾಪ್ ಪರದೆಯ ಮೇಲೆ ಮೂರು ಮುಖ, ನಡುವಿನ ಹೆಂಗಸು ನಕ್ಕು ಕೇಳಿದಳು, ನಿನಗೆ ಏನನ್ನಾದರೂ ಕಲಿಸಿದ ಒಬ್ಬ ರೋಗಿಯ ಬಗ್ಗೆ ಹೇಳು — ಆಗ ಇವಳು ಪುಸ್ತಕದಲ್ಲಿದ್ದ ಯಾವನೋ ಬ್ಯಾಂಕ್ ಅಧಿಕಾರಿಯ ಕಥೆ ಒಪ್ಪಿಸಿದಳು, ಒಳ್ಳೆಯ ಮಂಚ, ಒಳ್ಳೆಯ ಯಂತ್ರ, ಒಳ್ಳೆಯ ಇಂಗ್ಲಿಷ್, ಪೀರಬಿಯ ಬಗ್ಗೆ ಹೇಳಲಿಲ್ಲ, ಜೇವರ್ಗಿಯ ಈ ಒಂದು ಕೋಣೆಯ ಕ್ಲಿನಿಕ್ಕಿನ ಬಗ್ಗೆ ಹೇಳಲಿಲ್ಲ, ನಾಚಿಕೆ, ಅವರು ನಗುತ್ತಾರೆ ಅಂತ, ನಗುತ್ತಿದ್ದರೋ ಇಲ್ಲವೋ ಯಾರಿಗೆ ಗೊತ್ತು, ಆ ಹೆಂಗಸಿನ ನಗು ಮಾತ್ರ ಮೆಲ್ಲಗೆ ಆರಿದ್ದು ಕಂಡಿತ್ತು, ಸಂದರ್ಶನಕ್ಕೆ ಕರೆ ಬಂತು ಅನ್ನುವಷ್ಟಕ್ಕೇ ಆಳಂದದ ಜಗದೇವ ಮಾಮಾ ಅಫಜಲಪುರದ ಮದುವೆಯಲ್ಲಿ ಮೈಕ್ ಕಸಿದುಕೊಂಡು ನಮ್ಮ ಹುಡುಗಿ ಜರ್ಮನಿಗಿ ಹೊಂಟಾಳ ಅಂತ ಕೂಗಿ ಶಾಲು ಹೊದಿಸಿದ, ಚಪ್ಪಾಳೆ, ಫೋಟೋ, ಅವ್ವ ಸೊಲ್ಲಾಪುರದಿಂದ ದಪ್ಪ ಸ್ವೆಟರ್ ತರಿಸಿದಳು, ಈ ಬಿಸಿಲಿನಲ್ಲಿ ಅದನ್ನು ಮುಟ್ಟಿದರೇ ಬೆವರು, ಬೀರುವಿನ ತಳದಲ್ಲಿ ಬೆಕ್ಕಿನ ಹಾಗೆ ಮುದುಡಿ ಕೂತಿದೆ, ತೋರುಬೆರಳು ಬಿಟ್ಟಿತು, ನಡುಬೆರಳು, ಸಾವಕಾಶ, ಸಾವಕಾಶ.

ಯಾವಾಗ ಹೋಗ್ತಿ ಬೇ ನೀ, ಆ ಪರದೇಶಕ್ಕ? ಎಲ್ಲರೂ ಕೇಳುವ ಅದೇ ಪ್ರಶ್ನೆ, ಆದರೆ ಪೀರಬಿ ಕೇಳುತ್ತಿರುವುದು ಅದಲ್ಲ, ನೀನು ಹೋದ ಮೇಲೆ ಈ ಕೈ ಯಾರು ಹಿಡಿತಾರ ಅಂತ ಕೇಳುತ್ತಿದ್ದಾಳೆ, ವೀಸಾ ತಡ ಆಗೇದರಿ ಅನ್ನಬೇಕೆಂದು ಬಾಯಿ ತೆರೆದಳು, ಬೇರೆಯೇ ಬಂತು.

"ಹೋಗಂಗಿಲ್ಲರಿ. ಒಲ್ಲೆ ಅಂದಾರ."

ಅಷ್ಟೇ, ಇಷ್ಟು ದಿನ ಮುಚ್ಚಿಟ್ಟದ್ದು ಇಷ್ಟು ಸಣ್ಣ ಮಾತೇ, ಪೀರಬಿ ತನ್ನ ಮುಷ್ಟಿಯನ್ನು ನೋಡಿದಳು, ಆಮೇಲೆ ಅದನ್ನು ಹಿಡಿದ ಕೈಯನ್ನು.

"ಒಲ್ಲೆ ಅಂದೋರು ಯಾರು? ನಿನ್ನ ಕೈ ನೋಡ್ಯಾರೇನು ಅವರು?"

ಇಲ್ಲರಿ, ಮಾತು ಕೇಳ್ಯಾರ, ಅಂದಳು ಭಾಗ್ಯಜ್ಯೋತಿ, ಅದೂ ನನ್ನ ಮಾತಲ್ಲ, ಅಂದುಕೊಂಡಳು, ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈ ಸಡಿಲಿಸಿದಳು.

"ಅಳು ಬಂದ್ರ ಅಳು. ಕೈ ಬಿಡಬ್ಯಾಡ."

ಬಿಡಲಿಲ್ಲ, ಅತ್ತಳು, ಕೆನ್ನೆಯಿಂದ ಇಳಿದದ್ದು ಟವೆಲಿನ ಮೇಲೆ ಬಿತ್ತು, ಮೇಜಿನ ಮೇಲೆ ಫೋನ್ ಗುರುಗುಟ್ಟಿತು, ಜಗದೇವ ಮಾಮಾ, ಟಿಕೆಟ್ ಆಯ್ತೇನವ್ವಾ ಅಂತಲೇ ಇರುತ್ತದೆ, ಅವನಿಗೂ ನಿಜ ಹೇಳುತ್ತಾಳೆ, ಸಂಜೆ ಅವ್ವನ ಪಕ್ಕ ಕೂತೇ ಹೇಳುತ್ತಾಳೆ, ಅವ್ವನಿಗೂ ಆ ನೀರು ಕುಡಿಯುವುದು ಸಾಕು, ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತಾಳೋ, ಹಾಕಬಹುದು, ಹಾಕದೆಯೂ ಇರಬಹುದು, ಉಂಗುರಬೆರಳು ಬಿಟ್ಟಿತು, ಕಿರುಬೆರಳು ಅದರ ಹಿಂದೆ, ಒಳಗಿನ ಅಂಗೈ ಬೆಳ್ಳಗೆ, ತೇವವಾಗಿ, ಬಿಸಿಲು ಕಾಣದ ಚರ್ಮ, ಅಡ್ಡ ಮಲಗಿದ ಹೆಬ್ಬೆರಳು, ಅದರ ಕೆಳಗೆ ತನ್ನ ಬೆರಳು ತೂರಿಸಿ ಎತ್ತುತ್ತಾಳೆ, ಏಳದು, ಕಾಯುತ್ತಾಳೆ, ಆಗ ಒತ್ತಿತು, ಹೆಬ್ಬೆರಳು ಅವಳ ಬೆರಳನ್ನು ಒತ್ತಿತು — ನರದ ಸೆಳೆತವೋ, ಪೀರಬಿ ಬೇಕೆಂದೇ ಒತ್ತಿದ್ದೋ, ವ್ಯತ್ಯಾಸ ಹೇಳಬೇಕಾದವಳು ತಾನು, ಓದಿದವಳು ತಾನು, ತಿಳಿಯುತ್ತಿಲ್ಲ, ಪೀರಬಿ ಉಸಿರು ಬಿಗಿಹಿಡಿದಿದ್ದಾಳೆ, ಮತ್ತೆ, ಹೆಬ್ಬೆರಳು, ಮತ್ತೆ ಒತ್ತಿತು, ಹೆಬ್ಬೆರಳು —