ಕರೆಯುವ ದನಿ

"ಟೋಪಿ ಸರಿಯಾಗಿ ಹಿಡ್ಕೋ. ಕುರಿ ಓಡಿಸೋ ಕೋಲಲ್ಲ ಅದು," ಎಂದ ನಾಟಿವೈದ್ಯ ಕಾಸಿಮಿರೊ, ಹೊಳೆಯಂಚಿನ ಬಂಡೆಯ ಮೇಲೆ ಕೂತು ದವಡೆಯಲ್ಲಿ ಕೋಕಾ ಎಲೆ ಹೊರಳಿಸುತ್ತ.

ಸಾತುರ್ನಿನಾ ಸೊಸೆ ನೆಲಿದಾಳ ಉಣ್ಣೆ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಬೆಟ್ಟದಾಚೆ ಹೊತ್ತು ಇಳಿಯುತ್ತಿತ್ತು. ಮಳೆಗಾಲದಲ್ಲಿ ನೆಲಿದಾ ಹೊಳೆಗೆ ಬಿದ್ದದ್ದು ಇದೇ ಜಾಗದಲ್ಲಿ. ಆಚೆ ದಡಕ್ಕೆ ಹೋದ ಕುರಿಯನ್ನು ಹೊಡೆದುಕೊಂಡು ಬಾ ಎಂದು ಕಳಿಸಿದವಳು ಸಾತುರ್ನಿನಾಳೇ. ಹಿಮದ ನೀರು ಹುಡುಗಿಯನ್ನು ಬಂಡೆಯಿಂದ ಬಂಡೆಗೆ ಎತ್ತಿ ಹಾಕಿತ್ತು. ಬದುಕಿ ಬಂದಳು, ನಿಜ. ಅಂದಿನಿಂದ ಎದ್ದರೆ ಆಯಾಸ, ಕೂತರೆ ಆಯಾಸ. ನಿದ್ದೆ ಮಾಡಿ ಎದ್ದರೂ ರಾತ್ರಿಯೆಲ್ಲ ಕಲ್ಲು ಹೊತ್ತವಳ ಹಾಗೆ.

ಸಾತುರ್ನಿನಾ ಸುಮ್ಮನೆ ಕೂತಿರಲಿಲ್ಲ. ಬೆಳಗಾದರೆ ಮಾಕಾ ಗೆಡ್ಡೆಯ ಗಂಜಿ ಕಾಯಿಸಿ ಕುಡಿಸುತ್ತಿದ್ದಳು. ಈ ಬೆಟ್ಟದ ಮೇಲೆ ಸುಸ್ತಿಗೆ ಎಲ್ಲರೂ ಕೊಡುವ ಮದ್ದು ಅದೇ. ಆದರೆ ಸೊಸೆ ಬಟ್ಟಲು ಕೆಳಗಿಡುವ ಮೊದಲೇ ಕುರಿದೊಡ್ಡಿಯ ಬಾಗಿಲು ತೆಗೆದು, "ಕಸುವು ಬಂತಲ್ಲ, ಹೊರಡು ಇನ್ನು," ಎನ್ನುತ್ತಿದ್ದಳು. ಸೋಮಾರಿತನ ಎಂದೇ ಅವಳ ಲೆಕ್ಕ.

ಅದನ್ನು ಕೇಳಿ ಕಾಸಿಮಿರೊ ಹೇಳಿದ್ದ: "ಬೆಳಿಗ್ಗೆ ಕೊಟ್ಟಿದ್ದನ್ನ ಸಂಜೆಯೊಳಗೆ ವಾಪಸ್ ಇಸ್ಕೊಂಡಿದ್ದೀಯಲ್ಲಮ್ಮ. ಗೆಡ್ಡೆ ಏನು ಮಾಡೀತು? ಅವಳು ಮಲಗ್ಬೇಕು. ಅದಕ್ಕೂ ಮೊದ್ಲು, ಬೆದರಿ ಹೊಳೇಲೇ ಉಳ್ಕೊಂಡಿರೋ ಜೀವಾನ ಅವಳ ಟೋಪಿಯೊಳಕ್ಕೆ ಕರೀಬೇಕು. ಹೆತ್ತೋಳು ಸತ್ತಿದಾಳೆ. ಇನ್ನು ನೀನೇ ಕರೀಬೇಕು."

"ನೆಲಿದಾ, ಬಾ," ಎಂದು ಸಾತುರ್ನಿನಾ ಕೂಗಿದಳು. ಎದುರಿನ ಇಳಿಜಾರಿನಲ್ಲಿ ಮೇಯುತ್ತಿದ್ದ ಯಾರದೋ ಕುರಿಗಳು ತಲೆಯೆತ್ತಿದವು.

"ನೋಡು, ಕುರಿಗೆ ಕೇಳಿಸ್ತು," ಎಂದ ಕಾಸಿಮಿರೊ. "ಗದರಿಸಿದ್ರೆ ಹೆದರಿದ ಜೀವ ಬರುತ್ತಾ? ಮೆತ್ತಗೆ ಕರಿ. ಮನೇಲಿ ಹೇಗೆ ಕರೀತೀಯೋ ಹಾಗೆ."

"ಮನೇಲೂ ಹೀಗೇ ಕರೆಯೋದು."

ಕಾಸಿಮಿರೊ ಎಲೆ ಅಗಿಯುವುದನ್ನು ನಿಲ್ಲಿಸಿದ.

"ನೆಲಿದಾ... ಬಾ ಮಗಳೇ, ಮನೆಗೆ ಹೋಗೋಣ." ಮಗಳೇ ಎಂಬ ಮಾತು ಅವಳ ನಾಲಿಗೆಗೆ ಹೊಸದು. ಮತ್ತೆ ಕರೆದಳು, ದನಿ ಒಡೆಯುವವರೆಗೂ ಕರೆದಳು. ಆಮೇಲೆ ಟೋಪಿಯನ್ನು ಎದೆಗವಚಿಕೊಂಡು, ವೈದ್ಯ ಹೇಳಿದಂತೆ ಹಿಂದಿರುಗಿ ನೋಡದೆ ಮನೆ ಸೇರಿ, ಮಲಗಿದ್ದ ಸೊಸೆಯ ತಲೆಗೆ ಹಾಕಿದಳು.

ಬೆಳಿಗ್ಗೆ ನೆಲಿದಾ ಗಂಜಿ ಕುಡಿದು, ಗೋಡೆ ಹಿಡಿದು ಎದ್ದು, ಶಾಲಿಗೆ ಕೈ ಹಾಕಿದಳು.

"ಇವತ್ತು ನಾನು ಹೋಗ್ತೀನಿ. ನೀನು ಮಲಕ್ಕೋ."

ಮೆತ್ತಗೆ ಹೇಳಬೇಕೆಂದೇ ಇದ್ದಳು ಸಾತುರ್ನಿನಾ. ಬಾಯಿಂದ ಹೊರಟದ್ದು ಹಳೆಯ ದನಿಯೇ.

ಶಾಲು ನೆಲಿದಾಳ ಕೈಯಿಂದ ಜಾರಿತು. "ಏನು ತಪ್ಪಾಯ್ತು ಅತ್ತೆ? ಹೋಗ್ತೀನಿ. ಆಗುತ್ತೆ ನಂಗೆ."

"ತಪ್ಪೇನೂ ಇಲ್ಲ. ಮಲಕ್ಕೋ ಅಂದೆ, ಅಷ್ಟೇ."

ಇನ್ನೇನಾದರೂ ಅಂದರೆ ಅದೂ ಹಾಗೇ ಕೇಳಿಸೀತೆಂದು ಅವಳು ಬೇಗ ಬೇಗ ಕುರಿ ಬಿಟ್ಟುಕೊಂಡು ಹೊರಟಳು. ದಿಣ್ಣೆ ಹತ್ತಿ ತಿರುಗಿ ನೋಡಿದಾಗ ನೆಲಿದಾ ಮಲಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ಕಂಬಕ್ಕೆ ಒರಗಿ, ಅತ್ತೆ ಯಾವಾಗ ಕೂಗುತ್ತಾರೋ ಎಂದು ದಿಣ್ಣೆಯ ಕಡೆಗೇ ನೋಡುತ್ತ ನಿಂತಿದ್ದಳು.