ಹುಜೈಫಾನ ಎರಡನೇ ಮೈಕು

ಜಕ್ಕೂರಿನ ಆ ಮಹಡಿ ಕೋಣೆಯಲ್ಲಿ ಎಲ್ಲವೂ ಜಯಂತನದೇ: ಗೋಡೆಗೆ ಒರಗಿಸಿದ ಹಾಸಿಗೆ, ಹೊರಗಿನ ಸದ್ದು ಬಾರದಂತೆ ಕಿಟಕಿಗೆ ಬಿಗಿದ ರಜಾಯಿ, ಗಿಟಾರಿನ ಆಂಪು, ಮೈಕುಗಳು, ಕಂಪ್ಯೂಟರು. ವಂದನಾ ತನ್ನ ಹಾಡನ್ನು ಅಲ್ಲೇ ಹಾಡಿ ರೆಕಾರ್ಡ್ ಮಾಡಿಸಿದ್ದಳು. ಅದರ ಹಿಂದೆ ಯಾರ ಗಿಟಾರು ಇರಬೇಕು, ಜಯಂತನದೋ, ಕಾಲೇಜಿನಿಂದ ಜೊತೆಗಿರುವ ಹುಜೈಫಾನದೋ ಎನ್ನುವುದಷ್ಟೇ ಬಾಕಿ. ಹಾಡು ಯಾರದೋ ತೀರ್ಮಾನ ಅವರದು, ಉಳಿದವರು ಚಕಾರ ಎತ್ತುವ ಹಾಗಿಲ್ಲ ಎಂಬುದು ಮೂವರೂ ಒಪ್ಪಿಕೊಂಡ ಕಟ್ಟಳೆ.

ಫಿಸಿಕ್ಸ್ ಎಂ.ಎಸ್ಸಿ. ಮಾಡಿದ ಜಯಂತ ತನ್ನ ಸರದಿಯಲ್ಲಿ ಅಳತೆಯ ಸ್ಕೇಲು ಹಿಡಿದು ಆಂಪಿನ ಮುಂದೆ ಮಂಡಿಯೂರಿದ್ದ. ಒಂದೇ ಮೈಕು, ಬೆರಳಗಲ ಈಚೆ, ಬೆರಳಗಲ ಆಚೆ. ಫ್ಲೈಯಿಂಗ್ ಕ್ಲಬ್ಬಿನ ವಿಮಾನ ತಲೆಯ ಮೇಲೆ ಗುಂಯ್‌ಗುಟ್ಟಿದಾಗಲೆಲ್ಲ ನಿಲ್ಲಿಸಿ ಮತ್ತೆ ಮೊದಲಿನಿಂದ. ಕೊನೆಗೆ ಸಿಕ್ಕಿದ ನಾದ ದಪ್ಪಗೆ, ಬೆಚ್ಚಗೆ ಇತ್ತು.

ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಬಂದ ಹುಜೈಫಾ ಹೆಲ್ಮೆಟ್ ತೆಗೆದವನೇ ಗಿಟಾರು ಹಾಕಿಕೊಂಡ.

"ಮೈಕ್ ಎಲ್ಲಿಡ್ಲಿ?" ಎಂದ ಜಯಂತ.

"ಒಂದು ಆಂಪ್ ಹತ್ರ, ಒಂದು ಬಾಗ್ಲತ್ರ ಇಡು ಮಗಾ. ಯಾವ್ದಾದ್ರೂ ಒಂದ್ರಲ್ಲಿ ಸಿಕ್ತೀನಿ."

ವಂದನಾ ನಕ್ಕಳು. ಹುಜೈಫಾ ನುಡಿಸಿದ್ದು ಒಂದೇ ಸಲ; ಮಧ್ಯೆ ಒಂದು ವಿಮಾನವೂ ಹಾರಲಿಲ್ಲ. ಅವೂ ಇವನ ಕಡೆಯೇ ಎಂದುಕೊಂಡ ಜಯಂತ. ವಂದನಾ ಕಣ್ಣು ಮುಚ್ಚಿ ಕೇಳುತ್ತಿದ್ದಳು. ತಾನು ನುಡಿಸುವಾಗ ಅವಳು ಫೋನು ನೋಡುತ್ತಿದ್ದದ್ದು ಅವನಿಗೆ ನೆನಪಾಯಿತು.

ವಂದನಾ, ಹುಜೈಫಾ ಇಬ್ಬರೂ ಟೀ ಕುಡಿಯಲು ಕೆಳಗೆ ಹೋದರು. ಅವರ ನಗು ಮೆಟ್ಟಿಲ ತುಂಬ ಕೇಳುತ್ತಿತ್ತು.

ಒಂದೇ ಸದ್ದನ್ನು ಎರಡು ಮೈಕು ಹಿಡಿದಿರುವಾಗ ಒಂದರ ಅಲೆಯನ್ನು ತಲೆಕೆಳಗು ಮಾಡಿದರೆ, ಒಂದು ಏರುವಲ್ಲಿ ಇನ್ನೊಂದು ಇಳಿದು ಪರಸ್ಪರ ಕಳೆದುಹಾಕುತ್ತವೆ. ಅದಕ್ಕೆ ಒಂದು ಬಟನ್ ಸಾಕು. ಹುಜೈಫಾನ ಎರಡನೇ ಮೈಕಿನ ಮೇಲೆ ಜಯಂತ ಅದನ್ನು ಒತ್ತಿದ. ತಳದ ದಪ್ಪವೆಲ್ಲ ಕರಗಿ, ಗಿಟಾರು ಖಾಲಿ ಡಬ್ಬದೊಳಗಿಂದ ಬಂದಂತಾಯಿತು. ಸದ್ದೂ ತಗ್ಗಿತ್ತು, ಅದನ್ನು ಮಾತ್ರ ತನ್ನದರ ಮಟ್ಟಕ್ಕೆ ಸರಿಯಾಗಿ ಏರಿಸಿದ. ಹೋಲಿಕೆ ನ್ಯಾಯವಾಗಿರಬೇಕಲ್ಲ.

ಅವರು ಮೇಲೆ ಬಂದಾಗ ಮೊದಲು ತನ್ನದನ್ನು ಹಾಡಿನ ಜೊತೆ ಕೇಳಿಸಿದ.

"ತುಂಬಾ ಚೆನ್ನಾಗಿದೆ ಕಣೋ," ಎಂದಳು ವಂದನಾ. "ಆದ್ರೆ ಇದ್ರಲ್ಲಿ ನಾನೆಲ್ಲಿದೀನಿ?"

ಆಮೇಲೆ ಹುಜೈಫಾನದು.

"ಏ ಗುರು, ಇದು ನಂದಾ?" ಹುಜೈಫಾ ಹುಬ್ಬು ಗಂಟಿಕ್ಕಿದ. "ಜ್ವರ ಬಂದೆದ್ದವನ ಥರ ಇದೀನಲ್ಲ."

ವಂದನಾ ಸುಮ್ಮನಿರು ಎಂಬಂತೆ ಕೈ ಎತ್ತಿದಳು. "ಇನ್ನೊಂದ್ಸಲ ಹಾಕು."

ಜಯಂತ ಹಾಕಿದ. ಈಗ ಅವನಿಗೂ ಕೇಳಿಸಿತು. ಗಿಟಾರು ಬಿಟ್ಟುಕೊಟ್ಟ ಜಾಗದಲ್ಲಿ ಅವಳ ತಗ್ಗು ದನಿ ನೆಟ್ಟಗೆ ನಿಂತಿತ್ತು, ಸಾಲುಗಳ ನಡುವೆ ಎಳೆದುಕೊಂಡ ಉಸಿರಿನ ಸಮೇತ.

"ಇದೇ ಇರ್ಲಿ," ಎಂದಳು. "ಇವ್ನು ಪಕ್ಕಕ್ಕೆ ಸರ್ಕೊಂಡು ನಂಗೆ ಜಾಗ ಬಿಟ್ಟಿದಾನೆ."

"ನಾನೆಲ್ಲಿ ಸರ್ಕೊಂಡೆ? ಇವನ್ದೇ ಕೈವಾಡ. ಏನ್ಮಾಡ್ದೆ ಮಚ್ಚಾ?"

"ಒಂದು ಬಟನ್, ಅಷ್ಟೆ."

"ನನ್ ಗಿಟಾರ್‌ಗೆ ಇಷ್ಟು ತಲೆ ಕೆಡಿಸ್ಕೊಂಡ್ಯಾ?" ಹುಜೈಫಾ ಅವನ ಹೆಗಲ ಮೇಲೆ ಕೈ ಹಾಕಿದ. ನಿಜವಾಗಿಯೂ ಖುಷಿಪಟ್ಟಿದ್ದ. ಆ ಕೈಯನ್ನು ಕೊಡವಿಕೊಳ್ಳಲು ಜಯಂತನ ಹತ್ತಿರ ನೆಪವಿರಲಿಲ್ಲ.

ಸ್ಕೂಟರು ಹೊರಟಿತು, ಹಿಂದಿನ ಸೀಟಿನಲ್ಲಿ ವಂದನಾ. ಜಯಂತ ತನ್ನ ಗಿಟಾರನ್ನು ಮತ್ತೆ ಹಾಡಿಗೆ ಕೂಡಿಸಿ ಅದೇ ಬಟನ್ ಒತ್ತಿದ. ಅಲೆ ತಲೆಕೆಳಗಾಯಿತು, ಕಿವಿಗೆ ಏನೂ ಬದಲಾಗಲಿಲ್ಲ. ಒಂದೇ ಮೈಕು. ಕಳೆಯಲು ಇನ್ನೊಂದಿರಲಿಲ್ಲ. ತಳದ ದಪ್ಪವನ್ನು ಕೈಯಿಂದಲೇ ತಗ್ಗಿಸಬಹುದಿತ್ತು. ಅಷ್ಟು ಹುಡುಕಿ ಹಿಡಿದದ್ದನ್ನು ಕತ್ತರಿಸಲು ಬೆರಳು ಮುಂದಾಗಲಿಲ್ಲ. ದಪ್ಪಗೆ, ಬೆಚ್ಚಗೆ, ಅವನ ಗಿಟಾರು ವಂದನಾಳ ದನಿಯ ಮೇಲೆ ಕೂತೇ ಇತ್ತು.