ಎಲ್ಲರೂ ನಂಬಿದರು

ನನ್ನ ತಂಗಿಯನ್ನು ಯಾರೂ ಸುಳ್ಳುಗಾತಿ ಅನ್ನಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವಿಷಯ ತಿಳಿದವರೆಲ್ಲ "ಪಾಪ, ಯಾರೂ ನಂಬಲಿಲ್ಲವಾ?" ಅಂತಲೇ ಶುರು ಮಾಡುತ್ತಾರೆ. ನಂಬಿದರು. ಒಬ್ಬಿಬ್ಬರಲ್ಲ, ಎಲ್ಲರೂ.

ನಮ್ಮಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ತಾಮ್ರದ ತಂತಿ ಕಂಡರೆ ನಾನು ಮಾರುದೂರ ಓಡುತ್ತಿದ್ದೆ. ಅವಳು ಅದರಲ್ಲೇ ಆಡಿ ಬೆಳೆದಳು. ನಾನು ಔಷಧಿ ಅಂಗಡಿ ಸೇರಿದೆ. ಅವಳು ಇಪ್ಪತ್ತಾರಕ್ಕೆ ಎಲೆಕ್ಟ್ರಿಷಿಯನ್ ಆಗಿ ಹಡಗು ಹತ್ತಿದಳು. ಯುದ್ಧದ ಹಡಗಲ್ಲ, ಯುದ್ಧದ ಹಡಗುಗಳಿಗೆ ನಡುಸಮುದ್ರದಲ್ಲಿ ಎಣ್ಣೆ, ದಿನಸಿ, ಬಿಡಿಭಾಗ ಮುಟ್ಟಿಸುವಂಥದ್ದು. ಹಡಗು ನೌಕಾಪಡೆಯದು, ಓಡಿಸುವವರು ಮಾತ್ರ ನಮ್ಮ ನಿಮ್ಮಂಥ ಸಾಮಾನ್ಯ ನೌಕರರು, ಐವತ್ತು ಜನ. ಜೊತೆಗೆ ಸಮವಸ್ತ್ರದವರು ಹತ್ತು ಮಂದಿ, ಅವರ ಮೇಲೊಬ್ಬ ಅಧಿಕಾರಿ. ಊಟದ ಕೋಣೆ ಒಂದೇ, ಮೆಟ್ಟಿಲು ಒಂದೇ. ಇವರಿಗೊಂದು ಕಾನೂನು ಅವರಿಗೊಂದು ಅನ್ನುವುದು ಆಗ ನಮಗೆ ಗೊತ್ತಿರಲಿಲ್ಲ.

ಹಡಗಿನವರು ಅವಳಿಗೆ 'ಫ್ಯೂಸು' ಅಂತ ಹೆಸರಿಟ್ಟಿದ್ದರು. "ಫ್ಯೂಸು ಹೋಯ್ತಾ? ಎಲ್ಲಿಗೆ ಹೋಯ್ತು?" ದಿನವೂ ಅದೇ ಹಳಸಲು ತಮಾಷೆ, ದಿನವೂ ನಗು. ಸಮವಸ್ತ್ರದ ಅಧಿಕಾರಿಗೆ 'ಇಸ್ತ್ರಿ' ಅಂತ. ಬಿರುಗಾಳಿ ಎದ್ದರೂ ಅವನ ಅಂಗಿ ಸುಕ್ಕಾಗುತ್ತಿರಲಿಲ್ಲವಂತೆ. ಅಡುಗೆಯವರು ವಯಸ್ಸಾದವರು, ಎಲ್ಲರಿಗೂ ದೊಡ್ಡಪ್ಪ. ಸೆಕೆಂಡ್ ಇಂಜಿನಿಯರನ್ನು ಎಲ್ಲರೂ ಕರೆಯುತ್ತಿದ್ದದ್ದು 'ಭಾವ' ಅಂತ. ಛೇಡಿಸುವವನು, ನಗಿಸುವವನು, ಯಾರ ಕಷ್ಟಕ್ಕೂ ಮೊದಲು ಓಡಿ ಬರುವವನು. "ಅಕ್ಕಾ, ನೀನಂತೂ ಮದುವೆ ಆಗ್ಲಿಲ್ಲ. ನಂಗೆ ಇಲ್ಲೇ ಒಬ್ಬ ಭಾವ ಸಿಕ್ಕಿದಾನೆ ನೋಡು" ಅಂತ ಫೋನಿನಲ್ಲಿ ಹೇಳಿದ್ದಳು. ನಾನೂ ನಕ್ಕಿದ್ದೆ.

ಅದು ಅವಳ ಎರಡನೆಯ ಯಾನ. ಬಂದರು ಇನ್ನೂ ನಾಲ್ಕು ದಿನದ ದೂರವಿತ್ತು. ಮಧ್ಯಾಹ್ನದ ಊಟ ಮುಗಿದಿತ್ತು. ತರಕಾರಿ ಇಡುವ ಶೀತಲ ಕೋಣೆಯ ಫ್ಯಾನು ಕರಕರ ಅನ್ನುತ್ತಿದೆ ಅಂತ ನೋಡಲು ಹೊರಟಳು. "ಏಣಿ ನಾನು ಹಿಡ್ಕೋತೀನಿ ಬಾ" ಅಂತ ಭಾವನೂ ಹಿಂದೆಯೇ ಬಂದ. ಆ ಕೋಣೆಯ ಬಾಗಿಲು ಒಂದು ಗೇಣು ದಪ್ಪ. ಒಳಗಿನಿಂದ ಎಷ್ಟು ಕೂಗಿದರೂ ಹೊರಗೆ ಕೇಳುವುದಿಲ್ಲ. ಅಲ್ಲಿ ನಡೆದದ್ದನ್ನು ಅವಳು ಐದು ಕಡೆ ಐದು ಸಲ ಬಾಯಿಬಿಟ್ಟು ಹೇಳಿದ್ದಾಳೆ. ಆರನೆಯ ಸಲ ನಾನು ಹೇಳುವುದಿಲ್ಲ.

ಹೊರಗೆ ಬಂದಾಗ ಎದುರು ಸಿಕ್ಕವರು ದೊಡ್ಡಪ್ಪ. ಅವಳ ಒಂದು ಕಾಲಲ್ಲಿ ಬೂಟಿರಲಿಲ್ಲ, ತುಟಿ ಒಡೆದಿತ್ತು. ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಬಿಸಿನೀರು ಕೊಟ್ಟು, ತಾವು ಬಾಗಿಲಿಗೆ ಅಡ್ಡ ನಿಂತರಂತೆ. ಹಡಗಿನ ಚಿಕಿತ್ಸಾ ಕೋಣೆಯಲ್ಲಿದ್ದವನು ಸಮವಸ್ತ್ರದ ಒಬ್ಬ ಕಾಂಪೌಂಡರ್. ಇಂಥದ್ದಕ್ಕೆ ಏನು ಮಾಡಬೇಕು ಅಂತ ಅವನಿಗೆ ಯಾರೂ ಕಲಿಸಿರಲಿಲ್ಲ. ಪುಸ್ತಕ ತೆಗೆದು ಓದಿದ, ಅವಳ ಬಟ್ಟೆಗಳನ್ನು ಒಂದು ಕಾಗದದ ಚೀಲಕ್ಕೆ ಹಾಕಿ ಅಂಟಿಸಿ ಕ್ಯಾಪ್ಟನ್ ಕೈಗೆ ಕೊಟ್ಟ.

ಕ್ಯಾಪ್ಟನ್ ಇಬ್ಬರು ಹೆಣ್ಣುಮಕ್ಕಳ ತಂದೆ. ಪೂರ್ತಿ ಕೇಳಿ ಕಣ್ಣೊರೆಸಿಕೊಂಡರು. "ನಿನ್ನ ಮಾತು ನಂಗೆ ಸಾಕಮ್ಮಾ. ಆದ್ರೆ ಅವನನ್ನ ಕೂಡಿಹಾಕಿದ್ರೆ ಇಂಜಿನ್ ನೋಡೋರು ಯಾರು? ಪಾಳಿ ಬದಲಾಯಿಸ್ತೀನಿ. ನೀನು ಊಟಕ್ಕೆ ಬರೋ ಹೊತ್ತಿಗೆ ಅವನು ಬರಲ್ಲ." ಅಲ್ಲಿಂದ ಇಸ್ತ್ರಿಯ ಬಳಿ ಹೋದಳು. ಅವನು ಎದ್ದು ನಿಂತೇ ಕೇಳಿದನಂತೆ. "ನನ್ನ ಹತ್ತು ಜನದಲ್ಲಿ ಒಬ್ಬ ಆಗಿದ್ರೆ ಇಷ್ಟೊತ್ತಿಗೆ ಕೈಗೆ ಬೇಡಿ ಬಿದ್ದಿರ್ತಿತ್ತು. ನನ್ನ ಕಾನೂನು ಸಮವಸ್ತ್ರ ಹಾಕಿದೋರಿಗೆ ಮಾತ್ರ. ಅವನು ಹಾಕಿಲ್ಲ" ಅಂದ. ನಾಚಿಕೆಪಟ್ಟುಕೊಂಡೇ ಅಂದ ಅಂತ ಅವಳು ಹೇಳುತ್ತಾಳೆ.

ನಾಲ್ಕು ದಿನ ಅದೇ ಹಡಗು. ನಾಲ್ಕು ದಿನವೂ ಭಾವನ ಗಂಟಲು ಎಲ್ಲೋ ಒಂದು ಕಡೆ ಕೇಳಿಸುತ್ತಲೇ ಇತ್ತು. ಇಳಿದು ಹೋಗಲು ಅದೇನು ಬಸ್ಸೇ?

ಬಂದರು ಮುಟ್ಟಿದ್ದೇ ಪೊಲೀಸ್ ಠಾಣೆಗೆ ಹೋದಳು. ಪರದೇಶದ ಠಾಣೆ, ನಡುವೆ ಒಬ್ಬ ದುಭಾಷಿ. ಇನ್‌ಸ್ಪೆಕ್ಟರ್ ಹೆಂಗಸು. ಮೂರು ಗಂಟೆ ಕೂತು ಬರೆದುಕೊಂಡಳು, ತನ್ನ ಕುರ್ಚಿಯ ದಿಂಬು ತೆಗೆದು ಇವಳಿಗೆ ಕೊಟ್ಟಳು. ಕೊನೆಗೆ ದುಭಾಷಿಯ ಬಾಯಿಂದ ಬಂದ ಮಾತು ಇಷ್ಟು: "ನಡೆದದ್ದು ನಮ್ಮ ಸಮುದ್ರದಲ್ಲಲ್ಲ. ಅದು ಬೇರೆ ದೇಶದ ನೌಕಾಪಡೆಯ ಹಡಗು, ನಮ್ಮವರು ಅದರ ಏಣಿಯ ಮೇಲೂ ಕಾಲಿಡೋ ಹಾಗಿಲ್ಲ. ನಿಮ್ಮ ದೇಶದಲ್ಲಿ ದೂರು ಕೊಡಿ." ಅವಳು ಮನೆಗೆ ಬಂದಳು.

ನಮ್ಮ ಮನೆ ಎರಡು ಕೋಣೆಯದು. ಬಾಗಿಲು ಮುಚ್ಚಿದರೆ ಅವಳಿಗೆ ಆಗುತ್ತಿರಲಿಲ್ಲ, ಬಚ್ಚಲದ್ದೂ ಸೇರಿ. ನಾನು ಬಚ್ಚಲಿಗೆ ಪರದೆ ಹೊಲಿದು ಹಾಕಿದೆ. ಅಂಗಡಿಯಲ್ಲಿ ದಿನವೂ ನಿದ್ದೆ ಮಾತ್ರೆ ಎಣಿಸಿ ಕೊಡುವ ನನಗೆ, ಮನೆಯಲ್ಲಿ ಒಬ್ಬಳನ್ನು ಮಲಗಿಸುವುದು ಗೊತ್ತಾಗಲಿಲ್ಲ.

ಹಡಗುಗಳ ಕೇಂದ್ರ ಕಚೇರಿ ವಿಚಾರಣೆ ಶುರು ಮಾಡಿತು. ಮೂವರ ಸಮಿತಿ, ಮೇಜಿನ ಮೇಲೆ ನೀರು, ಕರವಸ್ತ್ರ. ನಾಲ್ಕನೆಯ ವಾರ ಭಾವ ರಾಜೀನಾಮೆ ಬರೆದುಕೊಟ್ಟ. ಐದನೆಯ ವಾರ ಕಾಗದ ಬಂತು: ಆರೋಪಿ ಈಗ ನೌಕರನಲ್ಲವಾದ್ದರಿಂದ ಶಿಸ್ತುಕ್ರಮ ಜರುಗಿಸಲು ಬರುವುದಿಲ್ಲ, ವಿಚಾರಣೆ ಮುಕ್ತಾಯಗೊಳಿಸಲಾಗಿದೆ. ಕೆಳಗೆ, ತಮ್ಮ ಧೈರ್ಯವನ್ನು ಮೆಚ್ಚುತ್ತೇವೆ. ಅವಳು ಓದಿ, "ಅಕ್ಕಾ, ಧೈರ್ಯಕ್ಕೆ ಸರ್ಟಿಫಿಕೇಟು ಕೊಟ್ಟಿದಾರೆ, ಎತ್ತಿಡು" ಅಂದಳು. ಮನೆಗೆ ಬಂದ ಮೇಲೆ ಅವಳು ಆಡಿದ ಮೊದಲ ಕುಹಕ ಅದು. ಸದ್ಯ, ಜೀವ ಇದೆ ಅನ್ನಿಸಿತು ನನಗೆ.

ಉಳಿದದ್ದು ನ್ಯಾಯಾಲಯ. ಸರ್ಕಾರಿ ವಕೀಲೆ ಒಳ್ಳೆಯವರು. ಕನ್ನಡಕದ ಕಾಲಿಗೆ ಟೇಪು ಸುತ್ತಿಕೊಂಡು, ಫೈಲಿನ ಮೇಲೇ ಬುತ್ತಿ ಬಿಚ್ಚುವವರು. ಮೊದಲನೆಯ ದಿನವೇ "ನಮ್ಮ ಹಡಗಿನ ಮೇಲೆ ಆದ ಅಪರಾಧಕ್ಕೆ ಇಲ್ಲಿ ಕೇಸು ಹಾಕಬಹುದು. ದಾರಿ ಇದೆ" ಅಂದರು. ಆ 'ದಾರಿ ಇದೆ' ಅನ್ನುವ ಎರಡು ಪದದ ಮೇಲೆ ನಾವು ಹದಿನಾಲ್ಕು ತಿಂಗಳು ಬದುಕಿದೆವು.

ಪೊಲೀಸರು ಹಡಗಿಗೆ ಹೋಗಬೇಕು, ಹಡಗು ಸಮುದ್ರದಲ್ಲಿ. ಹಡಗು ತಿರುಗಿ ಬಂದಾಗ ಐವತ್ತು ಜನದಲ್ಲಿ ಮೂವತ್ತು ಜನ ಬೇರೆ ಬೇರೆ ಹಡಗಿಗೆ ಹಂಚಿಹೋಗಿದ್ದರು. ಕಾಂಪೌಂಡರನಿಗೆ ಸಮವಸ್ತ್ರವಿತ್ತು, ಅವನು ಸಾಕ್ಷಿ ಹೇಳಲು ಪಡೆಯ ಅಪ್ಪಣೆ ಬೇಕು. ಅಪ್ಪಣೆಗೆ ಏಳು ತಿಂಗಳು ಹಿಡಿಯಿತು. ಬಟ್ಟೆಯ ಚೀಲ ಕ್ಯಾಪ್ಟನ್ನರ ಬೀರುವಿನಲ್ಲಿತ್ತು. ಆ ಕ್ಯಾಪ್ಟನ್ ಹೋಗಿ ಇನ್ನೊಬ್ಬರು ಬಂದರು, ಬೀರು ಖಾಲಿ ಮಾಡುವಾಗ ಇದೇನೋ ಹಳೇ ಬಟ್ಟೆ ಅಂತ ಕೆಳಗಿನ ಉಗ್ರಾಣಕ್ಕೆ ಕಳಿಸಿದರು. ಸಿಕ್ಕಾಗ ಅಂಟು ಬಿಟ್ಟಿತ್ತು, ಬೂಸಲು ಹಿಡಿದಿತ್ತು. ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಎಲ್ಲೂ ಒಂದು ಸಾಲು ಬರೆದಿರಲಿಲ್ಲ. ಕೆಟ್ಟದ್ದು ಮಾಡಬೇಕು ಅಂತ ಇವರಲ್ಲಿ ಯಾರೂ ಮಾಡಲಿಲ್ಲ.

ದೊಡ್ಡಪ್ಪ ಮಾತ್ರ ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ, ತಾವೇ ಬಂದು ಹೇಳಿಕೆ ಕೊಟ್ಟರು. ಕಂಡದ್ದನ್ನೆಲ್ಲ ಹೇಳಿದರು, ಬೂಟಿನ ಲೇಸಿನ ಬಣ್ಣವನ್ನೂ. "ಒಳಗೆ ಆಗಿದ್ದನ್ನ ನೋಡಿದ್ರಾ?" ಅಂತ ವಕೀಲೆ ಕೇಳಲೇಬೇಕಿತ್ತು, ಕೇಳಿದರು.

"ಇಲ್ಲ ತಾಯಿ. ನೋಡಿದ್ರೆ ನಾನಿಲ್ಲಿ ಸಾಕ್ಷಿಯಾಗಿ ಕೂತಿರ್ತಿರ್ಲಿಲ್ಲ. ನನ್ನ ಕೈಲಿ ತರಕಾರಿ ಚಾಕು ಇತ್ತು."

ಹದಿನೈದನೆಯ ತಿಂಗಳು ವಕೀಲೆ ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಆಚೆ ಕೂರದೆ ಈಚೆ ಬಂದು ಕೂತರು. ಅಷ್ಟರಲ್ಲೇ ನನಗೆ ಅರ್ಥವಾಯಿತು.

"ಅವನೀಗ ಬೇರೆ ದೇಶದ ಸರಕಿನ ಹಡಗಲ್ಲಿದ್ದಾನೆ. ಅಲ್ಲಿಂದ ಕರೆಸ್ಕೋಬೇಕು ಅಂದ್ರೆ ಗಟ್ಟಿ ಸಾಕ್ಷಿ ತೋರಿಸ್ಬೇಕು. ಚೀಲ ಹಾಳಾಗಿದೆ, ವೈದ್ಯರ ಪರೀಕ್ಷೆ ಆಗಿಲ್ಲ, ಒಳಗೆ ನೋಡಿದೋರು ಯಾರೂ ಇಲ್ಲ. ಮೇಲಿನವರು ಕೇಸು ಬೇಡ ಅಂತ ಬರೆದಿದಾರೆ. ನಾನು ವಾದ ಮಾಡಿದೆ."

"ನೀವು ನನ್ನ ನಂಬ್ತೀರಾ?" ಅಂತ ತಂಗಿ ಕೇಳಿದಳು.

"ಅಯ್ಯೋ, ಒಂದಕ್ಷರ ಬಿಡದೆ ನಂಬ್ತೀನಿ."

"ಎಲ್ಲರೂ ನಂಬ್ತಾರೆ ಮೇಡಂ" ಅಂದಳು. "ಒಬ್ಬರಾದ್ರೂ ನಂಬದೆ ಇದ್ದಿದ್ರೆ ಅವರ ಜೊತೆ ಜಗಳ ಆಡ್ತಿದ್ದೆ. ಈಗ ಯಾರ ಜೊತೆ ಆಡ್ಲಿ?"

ವಕೀಲೆ ಕನ್ನಡಕ ತೆಗೆದು ಒರೆಸಿದರು. ಇಳಿಯುವಾಗ ಮೂರು ಮಹಡಿಯ ಮೆಟ್ಟಿಲನ್ನೂ ಅವಳು ನನ್ನ ಕೈ ಬಿಡದೆ ಇಳಿದಳು, ಲಿಫ್ಟಿಗೆ ಬಾಗಿಲಿದೆಯಲ್ಲ.

ಈಗ ಅವಳು ಪಂಪ್‌ಸೆಟ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಶಟರ್ ಪೂರ್ತಿ ತೆಗೆದಿರುವ ಅಂಗಡಿ, ಬೀದಿಗೆ ಮುಖ ಮಾಡಿ ಕೂರುತ್ತಾಳೆ. ಭಾವ ಚೀಫ್ ಇಂಜಿನಿಯರ್ ಆಗಿದ್ದಾನಂತೆ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅವಳಿಗೆ ಫೋನು ಬಂತು. ಗುರುತಿಲ್ಲದ ಹುಡುಗಿ. ಇನ್ನೊಂದು ಸರಬರಾಜು ಹಡಗಿನಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳಂತೆ, ನಂಬರು ಕೊಟ್ಟವರು ದೊಡ್ಡಪ್ಪ. ಹಡಗು ಬೇರೆ, ಮನುಷ್ಯ ಬೇರೆ. ನಡೆದದ್ದು ಮಾತ್ರ ಅದೇ, ಹಿಂದಿನ ದಿನ. "ಅಕ್ಕಾ, ಏನ್ ಮಾಡ್ಲಿ?" ಅನ್ನುವುದು ನನಗೂ ಕೇಳಿಸಿತು.

ತಂಗಿ ಗಟ್ಟಿ ದನಿಯಲ್ಲಿ ಒಂದೊಂದಾಗಿ ಹೇಳಿದಳು. ಸ್ನಾನ ಮಾಡಬೇಡ. ಬಟ್ಟೆ ಕಾಗದದ ಚೀಲದಲ್ಲೇ ಇಡು. ಯಾರ ಕೈಗೆ ಕೊಟ್ಟರೂ ತಾರೀಖು ಹಾಕಿಸಿ ಸಹಿ ತಗೋ. ಗಾಯದ ಫೋಟೋ ತೆಗೆಸು. ನೋಡಿದವರ ಹೆಸರು, ಮನೆ ವಿಳಾಸ ಈಗಲೇ ಬರೆದಿಟ್ಟುಕೋ, ಆಮೇಲೆ ಚದುರಿಹೋಗ್ತಾರೆ. ಹುಡುಗಿ ಬರೆದುಕೊಳ್ಳುತ್ತಿದ್ದಳು ಅಂತ ಕಾಣುತ್ತದೆ, ನಡುನಡುವೆ ಹ್ಞೂಂ ಅನ್ನುತ್ತಿದ್ದಳು.

ಕೊನೆಗೆ ಕೇಳಿದಳು: "ಇಷ್ಟೆಲ್ಲ ಮಾಡಿದ್ರೆ ಅವನಿಗೆ ಶಿಕ್ಷೆ ಆಗತ್ತಾ ಅಕ್ಕಾ?"

ನಾನು ಕೈಸನ್ನೆ ಮಾಡಿದೆ, ಆಗತ್ತೆ ಅನ್ನು ಅಂತ. ತಂಗಿ ನನ್ನ ಮುಖವನ್ನೇ ನೋಡಿದಳು. ಆಮೇಲೆ, "ನಂಗೆ ಗೊತ್ತಿಲ್ಲಮ್ಮಾ. ನಿನ್ನ ಮಾತು ನಾನು ನಂಬ್ತೀನಿ" ಅಂದಳು. ಅಂದ ಕೂಡಲೇ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಫೋನು ಕಟ್ಟಾಯಿತು. ಸಮುದ್ರದ ನಡುವೆ ಸಂಪರ್ಕ ತಪ್ಪಿತೋ, ಹುಡುಗಿಯೇ ಇಟ್ಟಳೋ ತಿಳಿಯಲಿಲ್ಲ. ತಂಗಿ ವಾರವಿಡೀ ಫೋನನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದಳು. ತಿರುಗಿ ಮಾಡಿದರೆ ಆ ನಂಬರು ಹತ್ತುವುದಿಲ್ಲ.